ಶ್ರೀಮಂತರ ಮನೆ ಮಗಳ ಗರ್ವಭಂಗ

ಮೊನ್ನೆ ಶನಿವಾರ ರಾತ್ರಿ ನಿದ್ದೆ ಬರದೆ ಹಳೇ ಹಾಲಿವುಡ್ ಸಿನಿಮಾ ಒಂದನ್ನು ಹಾಕಿಕೊಂಡು ಕೂತಿದ್ದೆ. ಹೆಸರು 'ಹೈ ಸೊಸೈಟಿ', 1956ರದ್ದು. ಅರ್ಧ ಮುಗಿಯೋ ಹೊತ್ತಿಗೆ ನಗು ಬಂತು. ಅರೆ, ಇವಳನ್ನ ನಾನು ಆಗಲೇ ನೋಡಿದ್ದೀನಲ್ಲ! ಅದೂ ಪುಣಜನೂರಿನ ನಮ್ಮ ಮನೆಯಲ್ಲಿ, ಟಿವಿ ಮುಂದೆ, ಅವ್ವನ ಪಕ್ಕ ಕೂತು. ಆ ಸಿನಿಮಾ 'ಅನುರಾಗ ಅರಳಿತು'.

ಎರಡರ ಕಥೆ ಒಂದೇ ಅಲ್ಲ, ಒಂದರಿಂದ ಇನ್ನೊಂದನ್ನು ಕದ್ದಿದ್ದೂ ಅಲ್ಲ. ಆದರೆ ಎರಡರಲ್ಲೂ ದುಡ್ಡಿರೋ ಮನೆಯ, ತಲೆ ಎತ್ತಿ ಮಾತಾಡೋ ಹೆಣ್ಣೊಬ್ಬಳು ಇದ್ದಾಳೆ. ಅವಳ ತಲೆ ತಗ್ಗೋವರೆಗೂ ಸಿನಿಮಾ ಮುಗಿಯೋದಿಲ್ಲ. ಈ ಹೆಣ್ಣು ಎಲ್ಲಿಂದ ಎಲ್ಲಿಗೆ ಓಡಾಡಿದ್ದಾಳೆ ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನ ಇಲ್ಲಿ ಬರೀತಿದ್ದೀನಿ.

'ಹೈ ಸೊಸೈಟಿ' ಒಂದು ರೀಮೇಕ್. ಮೂಲ, ಫಿಲಿಪ್ ಬ್ಯಾರಿ ಬರೆದ ನಾಟಕ 'ದಿ ಫಿಲಡೆಲ್ಫಿಯಾ ಸ್ಟೋರಿ'. 1939ರಲ್ಲಿ ಬ್ರಾಡ್‌ವೇ ರಂಗಭೂಮಿಗೆ ಬಂತು, 1940ರಲ್ಲಿ ಜಾರ್ಜ್ ಕ್ಯೂಕರ್ ನಿರ್ದೇಶನದಲ್ಲಿ ಸಿನಿಮಾ ಆಯ್ತು. ನಾಯಕಿ ಕ್ಯಾಥರಿನ್ ಹೆಪ್‌ಬರ್ನ್. 1938ರಲ್ಲಿ ಚಿತ್ರಮಂದಿರದವರು ಹೆಪ್‌ಬರ್ನ್ ಹೆಸರನ್ನ 'ಗಲ್ಲಾಪೆಟ್ಟಿಗೆಗೆ ವಿಷ' ಅನ್ನೋ ಪಟ್ಟಿಗೆ ಸೇರಿಸಿದ್ದರು. ಜನ ಆಕೆಯನ್ನ ಜಂಬದವಳು ಅಂತಿದ್ದರು. ಆಕೆ ಮತ್ತೆ ಗೆದ್ದಿದ್ದು ಹೇಗೆ ಗೊತ್ತಾ? ಜಂಬದ ಹೆಣ್ಣಿನ ಜಂಬ ಇಳಿಯೋ ಈ ಕಥೆಯಿಂದಲೇ! ಸಿನಿಮಾದ ಮೊದಲ ದೃಶ್ಯದಲ್ಲೇ ಗಂಡ ಕ್ಯಾರಿ ಗ್ರಾಂಟ್ ಅವಳ ಮುಖಕ್ಕೆ ಕೈಯಿಟ್ಟು ನೆಲಕ್ಕೆ ತಳ್ಳುತ್ತಾನೆ. ಅದನ್ನ ತಮಾಷೆ ಅಂತಲೇ ತೋರಿಸಿದ್ದಾರೆ.

ಹದಿನಾರು ವರ್ಷದ ನಂತರ ಎಂಜಿಎಂನವರು ಇದಕ್ಕೆ ಬಣ್ಣ ಬಳಿದು, ಕೋಲ್ ಪೋರ್ಟರ್ ಕೈಲಿ ಹಾಡು ಬರೆಸಿ, ಕಥೆಯನ್ನ ಫಿಲಡೆಲ್ಫಿಯಾದಿಂದ ಶ್ರೀಮಂತರ ಕಡಲೂರು ನ್ಯೂಪೋರ್ಟ್‌ಗೆ ಎತ್ತಿಕೊಂಡು ಹೋದರು. ನಿರ್ದೇಶಕ ಚಾರ್ಲ್ಸ್ ವಾಲ್ಟರ್ಸ್. ಬಿಂಗ್ ಕ್ರಾಸ್ಬಿ, ಫ್ರಾಂಕ್ ಸಿನಾತ್ರಾ, ಗ್ರೇಸ್ ಕೆಲ್ಲಿ, ಜೊತೆಗೆ ಲೂಯಿ ಆರ್ಮ್‌ಸ್ಟ್ರಾಂಗ್ ತಮ್ಮದೇ ಪಾತ್ರದಲ್ಲಿ. ಇಲ್ಲೊಂದು ಮಜಾ ಇದೆ. ಗ್ರೇಸ್ ಕೆಲ್ಲಿ ನಿಜವಾಗಿಯೂ ಫಿಲಡೆಲ್ಫಿಯಾದ ಹುಡುಗಿ. ಆದರೆ ಆಕೆಯ ಅಪ್ಪ ಇಟ್ಟಿಗೆ ಕೆಲಸದಿಂದ ಮೇಲೆ ಬಂದು ಕಂಟ್ರಾಕ್ಟರ್ ಆದವರು, ದೋಣಿ ಸ್ಪರ್ಧೆಯಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದವರು. ಹಳೇ ಶ್ರೀಮಂತಿಕೆ ಆ ಮನೆಯದಲ್ಲ. ಚಿತ್ರೀಕರಣ ಮುಗಿಸಿ ಆಕೆ 1956ರ ಏಪ್ರಿಲ್‌ನಲ್ಲಿ ಮೊನಾಕೊ ದೇಶದ ರಾಜನನ್ನು ಮದುವೆಯಾದಳು. ಅದೇ ಆಕೆಯ ಕೊನೆಯ ಸಿನಿಮಾ.

ಆ 1956 ನಮ್ಮ ಸೀಮೆಗೂ ದೊಡ್ಡ ವರ್ಷ. ನವೆಂಬರ್ 1ರ ರಾಜ್ಯ ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಕಡೆಯ ಕನ್ನಡದ ಊರುಗಳು ಮದರಾಸಿನ ಪಾಲಿಗೇ ಉಳಿದವು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗೋ ದಾರೀಲಿ ನಮ್ಮ ಪುಣಜನೂರಿನ ಚೆಕ್‌ಪೋಸ್ಟ್ ದಾಟಿದರೆ ತಮಿಳುನಾಡು. ಆ ಕಡೆಯ ತಾಳವಾಡಿ ಸೀಮೆಯಲ್ಲೇ ದೊಡ್ಡಗಾಜನೂರು ಇರೋದು. ಅಣ್ಣಾವ್ರ ಊರು. ಚಿಕ್ಕ ವಯಸ್ಸಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದ ಹುಡುಗ ರಾಜ್‌ಕುಮಾರ್ ಆಗಿ ಬೆಳೆದದ್ದು ನಿಮಗೆಲ್ಲ ಗೊತ್ತೇ ಇದೆ.

ಕನ್ನಡಕ್ಕೆ ಈ ಜಂಬದ ಹೆಣ್ಣು ಬಂದ ಒಂದು ದಾರಿ ನಾಟಕದ್ದು. ಶೇಕ್ಸ್‌ಪಿಯರ್‌ನ 'ದಿ ಟೇಮಿಂಗ್ ಆಫ್ ದಿ ಶ್ರೂ' ನಾಟಕವನ್ನು ಪರ್ವತವಾಣಿಯವರು 'ಬಹದ್ದೂರ್ ಗಂಡ' ಅಂತ ನಮ್ಮದಾಗಿಸಿದರು. ಅದನ್ನ ಆಧರಿಸಿ 1989ರಲ್ಲಿ 'ನಂಜುಂಡಿ ಕಲ್ಯಾಣ' ಬಂತು. ರಾಘವೇಂದ್ರ ರಾಜ್‌ಕುಮಾರ್ ನಾಯಕ, ಮಾಲಾಶ್ರೀ ನಾಯಕಿಯಾದ ಮೊದಲ ಕನ್ನಡ ಸಿನಿಮಾ. ಅದಕ್ಕೂ ಮೊದಲೇ, 1976ರ 'ಬಹದ್ದೂರ್ ಗಂಡು' ಸಿನಿಮಾದಲ್ಲಿ ಜಯಂತಿಯವರ ಗರ್ವ ಇಳಿಸಿದ್ದು ಸ್ವತಃ ಅಣ್ಣಾವ್ರೇ.

ಇನ್ನು 1986ರ 'ಅನುರಾಗ ಅರಳಿತು'. ಎಂ. ಎಸ್. ರಾಜಶೇಖರ್ ನಿರ್ದೇಶನ, ಉಪೇಂದ್ರ ಕುಮಾರ್ ಸಂಗೀತ. ಮೂಲ ಎಚ್. ಜಿ. ರಾಧಾದೇವಿಯವರ ಕಾದಂಬರಿ, ಅಂದರೆ ಕಥೆ ಹುಟ್ಟಿದ್ದು ಹೆಣ್ಣುಮಗಳೊಬ್ಬರ ಕೈಯಲ್ಲಿ. ಮಾಧವಿ ಕಾರ್ಖಾನೆಯ ಒಡತಿ, ಅಣ್ಣಾವ್ರು ಅಲ್ಲಿ ದುಡಿಯೋ ಮೆಕ್ಯಾನಿಕ್. ಸೋಲೇ ಗೊತ್ತಿಲ್ಲದ ಒಡತಿ ಅವನನ್ನ ಬಗ್ಗಿಸೋಕೆ ಅಂತಲೇ ಮದುವೆಯಾಗಿ, ಕೊನೆಗೆ ತಾನೇ ಬಗ್ಗುತ್ತಾಳೆ. ಇದು 1992ರಲ್ಲಿ ತಮಿಳಿನ 'ಮನ್ನನ್' ಆಯ್ತು (ರಜನಿಕಾಂತ್, ವಿಜಯಶಾಂತಿ), ಅದೇ ವರ್ಷ ತೆಲುಗಿನ 'ಘರಾನಾ ಮೊಗುಡು' ಆಯ್ತು (ಚಿರಂಜೀವಿ, ನಗ್ಮಾ), 1994ರಲ್ಲಿ ಹಿಂದಿಯ 'ಲಾಡ್ಲಾ' ಆಯ್ತು (ಅನಿಲ್ ಕಪೂರ್, ಶ್ರೀದೇವಿ). ಕನ್ನಡದವರು ಬರೀ ರೀಮೇಕ್ ಮಾಡ್ತಾರೆ ಅಂತ ಆಡಿಕೊಳ್ಳೋರಿಗೆ ಇದನ್ನ ತೋರಿಸಬೇಕು :-)

ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. 1940ರ ಇಂಗ್ಲಿಷ್ ಸಿನಿಮಾದಲ್ಲಿ ನಾಯಕಿಯ ಹೊಸ ಮದುಮಗ ಕಲ್ಲಿದ್ದಲು ಕಂಪನಿಯಲ್ಲಿ ಕೆಳಗಿನಿಂದ ದುಡಿದು ಮೇಲೆ ಬಂದವನು. ಅವನನ್ನ ಸಣ್ಣ ಬುದ್ಧಿಯವನು ಅಂತ ಮಾಡಿ ಕಳಿಸಿಬಿಡುತ್ತಾರೆ. ಸಂಬಳಕ್ಕೆ ಬರೆಯೋ ವರದಿಗಾರನಿಗೆ ಅವಳ ಮೇಲೆ ಮನಸ್ಸಾದರೂ ಅವನೂ ಖಾಲಿ ಕೈಲಿ ವಾಪಸ್. ಅವಳು ಮತ್ತೆ ಕೈ ಹಿಡಿಯೋದು ತನ್ನ ಹಳೇ ಗಂಡನನ್ನೇ, ತನ್ನ ಅಂತಸ್ತಿನವನನ್ನೇ. ರೀಮೇಕ್‌ನಲ್ಲೂ ಅಷ್ಟೇ. ಅಂದರೆ ಬಂಗಲೆಯ ಗೇಟು ತೆಗೆಯೋದೇ ಇಲ್ಲ. ನಮ್ಮ ಸಿನಿಮಾದಲ್ಲಿ ಗ್ರೀಸ್ ಮೆತ್ತಿದ ಕೈಯವನೇ ಮದುಮಗ. ಥಿಯೇಟರಿನಲ್ಲಿ ಶಿಳ್ಳೆ ಹೊಡೆದವನು ಆ ಗೇಟಿನೊಳಗೆ ತಾನೇ ಹೋದ ಹಾಗೆ ಖುಷಿಪಟ್ಟ. ಈ ವಿಷಯದಲ್ಲಿ ನಮ್ಮ ಕಥೆಯೇ ದೊಡ್ಡದು ಅಂತ ನನಗನ್ನಿಸುತ್ತೆ.

ಆದರೆ ದಂಡ ಕಟ್ಟೋರು ಮಾತ್ರ ಎರಡೂ ಕಡೆ ಒಬ್ಬರೇ. 'ಹೈ ಸೊಸೈಟಿ'ಯಲ್ಲಿ ಅಪ್ಪ ಬೇರೆ ಹೆಣ್ಣಿನ ಹಿಂದೆ ಹೋಗಿರ್ತಾನೆ. ಅದಕ್ಕೂ ಮಗಳ ಒಣ ಸ್ವಭಾವವೇ ಕಾರಣ ಅಂತ ಅವಳಿಗೇ ಬುದ್ಧಿ ಹೇಳ್ತಾನೆ. ಅಪ್ಪನಿಗೆ ಕ್ಷಮೆ, ಮಗಳಿಗೆ ಪಾಠ. ನಮ್ಮಲ್ಲೂ ಶ್ರೀಮಂತಿಕೆಯ ಸೊಕ್ಕು ಮುರೀಬೇಕು ಅಂದಾಗ ಕಾರ್ಖಾನೆ ಕಟ್ಟಿದ ಗಂಡಸಿನ ಸೊಕ್ಕು ಯಾರಿಗೂ ಕಾಣೋದಿಲ್ಲ, ನಡೆಸೋ ಹೆಂಗಸಿನದ್ದು ಕಾಣುತ್ತೆ.

ಇದು ಬರೀ ಸಿನಿಮಾ ಮಾತಲ್ಲ. ನಮ್ಮಕ್ಕನಿಗೆ ಗಂಡು ನೋಡೋವಾಗ ಬಂದಿದ್ದ ಹಿರಿಯರೊಬ್ಬರು, ಅಕ್ಕನ ಸಂಬಳ ಹುಡುಗನಿಗಿಂತ ಜಾಸ್ತಿ ಅಂತ ತಿಳಿದು, "ಸಂಪಾದ್ನೆ ಜಾಸ್ತಿ ಇರೋ ಹೆಣ್ಣು ಮನೇಲಿ ನಿಂತದಾ? ಮದ್ವೆ ಆದ್ಮೇಲೆ ಸರಿ ಮಾಡ್ಕಬೇಕು ಅಷ್ಟೆಯ. 'ಅನುರಾಗ ಅರಳಿತು' ನೋಡಿಲ್ವಾ?" ಅಂದಿದ್ದರು. ಕಾಫಿ ಲೋಟ ಎತ್ತುತ್ತಾ ಇದ್ದ ಅವ್ವ ಅಲ್ಲೇ ನಿಂತು, "ನೋಡಿವ್ನಿ ಕನಪ್ಪ. ಅಲ್ಲಿ ಗಂಡ ರಾಜ್‌ಕುಮಾರು. ಇಲ್ಲಿ ಯಾರು?" ಅಂದರು. ಆ ಸಂಬಂಧ ಅಲ್ಲಿಗೇ ನಿಂತಿತು.

ಆ ಸಿನಿಮಾ ಬಂದಾಗಲೆಲ್ಲ ಅವ್ವ ಈಗಲೂ ಬಿಡದೆ ನೋಡ್ತಾರೆ. ಅಕ್ಕ ಮಾತ್ರ ಎದ್ದು ಹೋಗ್ತಾಳೆ. ನಾನು ಇಬ್ಬರ ಮಧ್ಯೆ ಕೂತಿರ್ತೀನಿ.

ಕೊನೇದಾಗಿ ಒಂದು ಕೊಂಡಿ. ವರದಿಗಾರ ಮತ್ತು ಅವನ ಜೊತೆಯ ಫೋಟೋಗ್ರಾಫರ್ ಸೇರಿ ಕೋಟ್ಯಧಿಪತಿ ಆಗೋ ಆಸೆಯನ್ನೇ ಗೇಲಿ ಮಾಡೋ ಹಾಡೊಂದು 'ಹೈ ಸೊಸೈಟಿ'ಯಲ್ಲಿದೆ. ಅದರ ಹೆಸರನ್ನೇ 1998ರಲ್ಲಿ ಬ್ರಿಟನ್ನಿನ ಕ್ವಿಜ್ ಕಾರ್ಯಕ್ರಮಕ್ಕೆ ಇಟ್ಟರು. ಅದೇ 2000ದಲ್ಲಿ ಹಿಂದಿಯ 'ಕೌನ್ ಬನೇಗಾ ಕರೋಡ್‌ಪತಿ', 2012ರಲ್ಲಿ 'ಕನ್ನಡದ ಕೋಟ್ಯಧಿಪತಿ'. ನಡೆಸಿಕೊಟ್ಟವರು ಪುನೀತ್ ರಾಜ್‌ಕುಮಾರ್. ಗೇಲಿಯ ಹಾಡು ಆಸೆಯ ಆಟವಾಗಿ ಗಾಜನೂರಿನ ಮನೆತನಕ್ಕೇ ಬಂದು ಸೇರಿತು. ಕಥೆ ಹೀಗೆ ಊರೂರು ಸುತ್ತುತ್ತಾ ಅರ್ಥ ಬದಲಿಸಿಕೊಳ್ಳಬಹುದು ಅಂದಮೇಲೆ, ಆ ಒಡತಿ ತಲೆ ತಗ್ಗಿಸದೇ ಮುಗಿಯೋ ಒಂದು ರೀಮೇಕ್ ಯಾಕೆ ಬರಬಾರದು? ಅಂಥದ್ದು ಆಗಲೇ ಬಂದಿದ್ದರೆ ಹೇಳಿ. ಅಕ್ಕನ ಜೊತೆ ಕೂತು ನೋಡ್ತೀನಿ.