ನೆರೆಯವರ ಜಾಮೀನು

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಸಾಲಕ್ಕೆ ಬಂದವರನ್ನು ಮೊದಲು ಕೇಳುತ್ತಿದ್ದ ಮಾತು, "ನಿಮಗೆ ಜಾಮೀನು ಯಾರು?" ಎಂಬುದು. ಒಬ್ಬನ ಕಂತು ತಪ್ಪಿದರೆ ಜಾಮೀನು ನಿಂತವನು ಕಟ್ಟಬೇಕು. ರಾಜ್ಯ ರಾಜ್ಯಗಳ ನಡುವೆಯೂ ಇಂಥ ಜಾಮೀನು ಉಂಟು. 1949ರಲ್ಲಿ ಹುಟ್ಟಿದ ನ್ಯಾಟೋ ಒಕ್ಕೂಟದ ಕರಾರಿನಲ್ಲಿ, ಒಬ್ಬರ ಮೇಲೆ ಬಿದ್ದ ಏಟು ಎಲ್ಲರ ಮೇಲೂ ಬಿದ್ದಂತೆ ಎಂದಿದೆ. ಇದರ ಪಾಠ ನಮ್ಮ ಕೃಷ್ಣೆಯ ದಡದಲ್ಲಿ ಹಿಂದೆಯೇ ನಡೆದುಹೋಗಿದೆ.

ಮಕ್ತಲ್ ಕಡೆಯಿಂದ ಹೊಳೆ ದಾಟಿದರೆ ಗದ್ವಾಲ, ರಾಯಚೂರು ಸೀಮೆ. ತೆಲುಗಿನಲ್ಲಿ ನಡಿಗಡ್ಡ ಎನ್ನುತ್ತೇವಲ್ಲ, ಕೃಷ್ಣಾ ತುಂಗಭದ್ರೆಗಳ ನಡುವಣ ಆ ನೆಲಕ್ಕಾಗಿ ಬಹಮನಿಯವರೂ, ಅವರ ತರುವಾಯ ವಿಜಾಪುರದವರೂ ವಿಜಯನಗರದೊಡನೆ ಸುಮಾರು ಇನ್ನೂರು ವರ್ಷ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ.

ಮುಂದೆ ಅಳಿಯ ರಾಮರಾಯ ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುತ್ತ ಬಂದ. 1558ರ ಸುಮಾರಿಗೆ ವಿಜಾಪುರದ ಅಲಿ ಆದಿಲ್‌ಶಾಹನ ಜೊತೆ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋದ. ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾಹನಂತೂ ಪಟ್ಟಕ್ಕೆ ಬರುವ ಮೊದಲು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದವನು. ಆದ್ದರಿಂದ ಇದನ್ನು ಬರೀ ಧರ್ಮದ ಜಗಳವೆಂದರೆ ಲೆಕ್ಕ ತಾಳೆಯಾಗುವುದಿಲ್ಲ.

ಕಡೆಗೆ ಆ ನೆರೆಯವರೇ ಒಂದಾದರು. ಅಹಮದ್‌ನಗರದ ಹುಸೇನ್ ನಿಜಾಮ್‌ಶಾಹನ ಮಗಳು ಚಾಂದ್‌ಬೀಬಿಯನ್ನು ಅಲಿ ಆದಿಲ್‌ಶಾಹನಿಗೆ ಕೊಟ್ಟರು. ಎರಡೂ ಮನೆಯವರು ಕಿತ್ತಾಡುತ್ತಿದ್ದ ಸೊಲ್ಲಾಪುರದ ಕೋಟೆ ಬಳುವಳಿಯಾಯಿತು. ಗೋಲ್ಕೊಂಡ, ಬೀದರಗಳೂ ಕೂಡಿದವು. ಬೀರಾರ್ ಮಾತ್ರ ಹೊರಗುಳಿಯಿತು. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿ ಬಳಿ ಕೃಷ್ಣಾತೀರದಲ್ಲಿ ನಡೆದ ಕಾಳಗದಲ್ಲಿ ರಾಮರಾಯ ಸೆರೆಸಿಕ್ಕು ಹತನಾದ. ವಿಜಯನಗರ ಹಾಳಾಯಿತು. ರಾಯಚೂರು, ಮುದಗಲ್ಲು ವಿಜಾಪುರದ ಪಾಲಾದವು.

ಇಷ್ಟು ದೊಡ್ಡ ಗೆಲುವಿನ ಮೇಲೆ ಒಕ್ಕೂಟ ಗಟ್ಟಿಯಾಯಿತೆ? ಇಲ್ಲ. ಹಗೆ ಹೋದೊಡನೆ ಜಾಮೀನಿನ ಕಾಗದವೂ ಹರಿಯಿತು. 1574ರಲ್ಲಿ ಅಹಮದ್‌ನಗರ ಬೀರಾರನ್ನು ನುಂಗಿತು. 1619ರಲ್ಲಿ ವಿಜಾಪುರ ಬೀದರನ್ನು ನುಂಗಿತು. ಅಷ್ಟರಲ್ಲಿ ಉತ್ತರದಿಂದ ಮೊಗಲರು ಇಳಿದಿದ್ದರು.

ಆಗ ನಿಜವಾದ ಜಾಮೀನು ನಿಂತವಳು ಚಾಂದ್‌ಬೀಬಿ. ವಿಜಾಪುರದ ಸೊಸೆ, ಅಹಮದ್‌ನಗರದ ಮಗಳು. 1595-96ರಲ್ಲಿ ಮೊಗಲರ ಮುತ್ತಿಗೆಗೆ ಎದೆಗೊಟ್ಟು ತವರಿನ ಕೋಟೆ ಉಳಿಸಿದಳು. ಆದರೆ ಬೀರಾರನ್ನು ಬಿಟ್ಟುಕೊಡಬೇಕಾಯಿತು. 1597ರಲ್ಲಿ ವಿಜಾಪುರ, ಗೋಲ್ಕೊಂಡ, ಅಹಮದ್‌ನಗರದ ದಂಡುಗಳು ಗೋದಾವರಿಯ ಸೀಮೆಯಲ್ಲಿ ಒಟ್ಟಾಗಿ ಮೊಗಲರನ್ನು ಎದುರಿಸಿ ಸೋತವು. 1600ರಲ್ಲಿ ಆಕೆಯನ್ನು ಕೊಂದವರು ಮೊಗಲರಲ್ಲ, ಅವಳ ಕಡೆಯವರೇ.

1636ರಲ್ಲಿ ಅಹಮದ್‌ನಗರ ಅಳಿದಾಗ ಅದರ ನೆಲದಲ್ಲಿ ವಿಜಾಪುರವೂ ಮೊಗಲರೊಡನೆ ಪಾಲು ತೆಗೆದುಕೊಂಡಿತು. ಐವತ್ತು ವರ್ಷಕ್ಕೆ ಅದರ ಸರದಿಯೂ ಬಂತು. 1686ರಲ್ಲಿ ವಿಜಾಪುರ, ಮರುವರ್ಷ ಗೋಲ್ಕೊಂಡ, ಎರಡೂ ಔರಂಗಜೇಬನ ಕೈಸೇರಿದವು.

ಒಬ್ಬನನ್ನು ಕೆಡವಲು ಕೂಡುವುದು ಸುಲಭ, ಒಬ್ಬನನ್ನು ಉಳಿಸಲು ಕೂಡುವುದು ಕಷ್ಟ. ನಮ್ಮದು ಎರಡು ಮಾತಿನ, ಎರಡು ರಾಜ್ಯದ ಅಂಚಿನ ಊರು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಆಚೆ ದಡದವನ ದನಕ್ಕೂ ನೀರು ಉಂಟೇ ಎಂದು ಕೇಳುವವನೇ ನಿಜವಾದ ಜಾಮೀನುದಾರ. ಗದ್ವಾಲಕ್ಕೋ ರಾಯಚೂರಿಗೋ ಹೋಗುತ್ತ ಕೃಷ್ಣೆಯ ಸೇತುವೆ ದಾಟುವಾಗ ಇದಿಷ್ಟು ನೆನಪಿರಲಿ.