ಹೊಲದವರ ಮುಂದೆ ಬೀದಿನಾಟಕ

ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಕೆಲಕಾಲ ಹಳ್ಳಿಯಲ್ಲಿದ್ದು ಕಲಿಯುವ ಪದ್ಧತಿಯಿದೆ. ಬೀಜೋಪಚಾರ, ಮಣ್ಣು ಪರೀಕ್ಷೆಗಳ ಬಗ್ಗೆ ಅವರು ಅಲ್ಲಿ ಬೀದಿನಾಟಕ ಆಡುವುದುಂಟು. ಅಂಕಗಳಿಗಾಗಿ ಆಡುವ ಆಟವೆಂದು ನಾವು ಅದನ್ನು ಕಡೆಗಣಿಸುತ್ತೇವೆ. ಆದರೆ ಈ ಆಟದ ಹಿಂದೊಂದು ಚರಿತ್ರೆಯಿದೆ.

1943ರ ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತರು. ಮರುವರ್ಷ ‘ಇಪ್ಟಾ’ ಕಲಾವಿದರು ಬಿಜನ್ ಭಟ್ಟಾಚಾರ್ಯರ ‘ನಬಾನ್ನ’ ಆಡಿ, ಹಸಿದ ರೈತನನ್ನು ರಂಗದ ನಡುವೆ ನಿಲ್ಲಿಸಿದರು. 1954ರಲ್ಲಿ ಹಬೀಬ್ ತನ್ವೀರ್ ದೆಹಲಿಯಲ್ಲಿ ‘ಆಗ್ರಾ ಬಜಾರ್’ ಆಡಿಸಿದಾಗ, ಜಾಮಿಯಾ ಮಿಲ್ಲಿಯಾ ವಿದ್ಯಾರ್ಥಿಗಳ ಜೊತೆ ಪಕ್ಕದ ಓಖ್ಲಾ ಹಳ್ಳಿಯವರೂ ಬಣ್ಣ ಹಚ್ಚಿದರು. ಉರ್ದು ಕವಿ ನಜೀರ್ ಅಕ್ಬರಾಬಾದಿಯ ಪದ್ಯಗಳು ಸೌತೆಕಾಯಿ ಮಾರುವವನ ಬಾಯಿಗೆ ಬಂದವು. ಕರ್ನಾಟಕದಲ್ಲಿ 1975ರಲ್ಲಿ ಹುಟ್ಟಿದ ‘ಸಮುದಾಯ’ ಜಾಥಾಗಳ ಮೂಲಕ ಬೀದಿನಾಟಕವನ್ನು ಹಳ್ಳಿಗಳಿಗೆ ಒಯ್ದಿತು.

ಇಲ್ಲೆಲ್ಲ ಬಡವನ ಬದುಕೇ ಮಾತಾಡಿತು. ಕೃಷಿ ಪಾಠದ ನಾಟಕದಲ್ಲಾದರೋ ರೈತ ಅನೇಕ ಸಲ ಏನೂ ಅರಿಯದವನು. ವಿದ್ಯಾರ್ಥಿ ಎಲ್ಲ ಬಲ್ಲವನು!

ರಾಯಚೂರು ಕೃಷಿ ವಿಶ್ವವಿದ್ಯಾಲಯದ ಮಹಾವಿದ್ಯಾಲಯವೊಂದು ನಮ್ಮ ಕಲಬುರಗಿಯಲ್ಲೇ ಇದೆ. ನೆಟೆ ರೋಗಕ್ಕೆ ಒಣಗುವ ತೊಗರಿಯ ಸಂಕಟವನ್ನು, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಯ ಕಷ್ಟಸುಖವನ್ನು ಬೆಳೆದವರಿಗಿಂತ ಚೆನ್ನಾಗಿ ಹೇಳಬಲ್ಲವರು ಯಾರು? ಬಹಮನಿ ಕೋಟೆಯ ಆಸುಪಾಸಿನಲ್ಲಿ ಕನ್ನಡ, ದಖನಿ ಎರಡೂ ಬೆರೆತ ಮಾತು ಶತಮಾನಗಳಿಂದ ಉಳಿದಿದೆ. ಆ ಮಾತಿನಲ್ಲೇ ರೈತನಿಗೂ ಒಂದು ಪಾತ್ರ ಕೊಡಬೇಕು. ಆಗ ವಿದ್ಯಾರ್ಥಿ ಕಲಿಸುವುದರೊಂದಿಗೆ ತಾನೂ ಕಲಿತು ಊರಿಗೆ ಮರಳುತ್ತಾನೆ.