ಕಡಲ ತೀರದ ಬಸದಿಯೂ ಕನ್ನಡದ ಶಾಸ್ತ್ರವೂ

ಮುರ್ಡೇಶ್ವರಕ್ಕೆ ಹೋಗುವ ಯಾತ್ರಿಕರಲ್ಲಿ ಬಹುಪಾಲು ಜನ ಭಟ್ಕಳವನ್ನು ದಾರಿಯ ಊರೆಂದಷ್ಟೇ ಬಲ್ಲರು. ಹದಿನಾರನೆಯ ಶತಮಾನದಲ್ಲಿ ಅದು ಪಶ್ಚಿಮ ಕರಾವಳಿಯ ಮುಖ್ಯ ರೇವುಗಳಲ್ಲಿ ಒಂದಾಗಿತ್ತು. ವಿಜಯನಗರದ ಸೇನೆಗೆ ಬೇಕಾದ ಕುದುರೆಗಳು ಇಲ್ಲಿ ಇಳಿಯುತ್ತಿದ್ದವು. ಅಕ್ಕಿ, ಕಬ್ಬಿಣ, ಸಕ್ಕರೆ ಇಲ್ಲಿಂದ ಹಡಗೇರುತ್ತಿದ್ದವು. ಆ ಸಂಪತ್ತಿನ ಒಂದು ಪಾಲು ಜಿನಾಲಯಗಳಿಗೂ ಗ್ರಂಥರಚನೆಗೂ ಸಂದಿತು.

ಹಳೆಯ ಪೇಟೆಯಲ್ಲಿರುವ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇದಕ್ಕೆ ಸಾಕ್ಷಿ. ಎರಡು ಅಂತಸ್ತಿನ ಎರಡು ಕಟ್ಟಡಗಳನ್ನು ನಡುವಿನ ಮೊಗಸಾಲೆ ಜೋಡಿಸುತ್ತದೆ, ಮುಂದೆ ಮಾನಸ್ತಂಭವಿದೆ. ಕರಾವಳಿಯ ಬಿರುಮಳೆಗೆ ಒಗ್ಗುವಂತೆ ಇಳಿಜಾರಾದ ಕಲ್ಲುಮಾಡನ್ನು ಹೊದಿಸಲಾಗಿದೆ. ಸಮೀಪದ ಕೇತಪೈ ನಾರಾಯಣ ದೇವಾಲಯದ ಹೊರಗೋಡೆಗಳಲ್ಲಿ ರಾಮಾಯಣದ ಶಿಲ್ಪಗಳಿವೆ. ಜೈನ ಅರಸರ ಆಳ್ವಿಕೆಯ ಊರಿನಲ್ಲಿ ವೈಷ್ಣವ ವರ್ತಕರ ಗುಡಿಯೂ ನೆಲೆಗೊಂಡಿತೆಂಬುದು ಗಮನಾರ್ಹ.

ಇಲ್ಲಿಂದ ಘಟ್ಟದ ಕಡೆಗೆ ಸಾಗಿದರೆ ಹಾಡುವಳ್ಳಿ ಸಿಗುತ್ತದೆ. ಗ್ರಂಥಗಳು ಇದನ್ನು ಸಂಗೀತಪುರವೆನ್ನುತ್ತವೆ. ಇಂದು ತೋಟಗಳ ನಡುವೆ ಕೆಲವೇ ಬಸದಿಗಳುಳ್ಳ ಈ ಹಳ್ಳಿ ಆಗ ಸಾಳ್ವ ಅರಸರ ರಾಜಧಾನಿ, ಪ್ರಬಲ ಜೈನ ಮಠದ ನೆಲೆ. ಸಾಳ್ವಮಲ್ಲನ ಆಶ್ರಯದಲ್ಲಿ ಸಾಳ್ವ ಕವಿ ‘ಸಾಳ್ವ ಭಾರತ’ವನ್ನು ರಚಿಸಿದನು.

1542ರಲ್ಲಿ ಪೋರ್ಚುಗೀಸರು ಭಟ್ಕಳವನ್ನು ಸುಟ್ಟು ಸೂರೆಗೈದರು. ಆದರೂ ವಿದ್ಯಾಪರಂಪರೆ ಕಡಿಯಲಿಲ್ಲ. 1604ರಲ್ಲಿ ಹಾಡುವಳ್ಳಿ ಮಠದ ಅಕಲಂಕದೇವರ ಶಿಷ್ಯರಾದ ಭಟ್ಟಾಕಲಂಕರು ‘ಕರ್ಣಾಟಕ ಶಬ್ದಾನುಶಾಸನ’ವನ್ನು ಪೂರ್ಣಗೊಳಿಸಿದರು. 592 ಸಂಸ್ಕೃತ ಸೂತ್ರಗಳ ಈ ವ್ಯಾಕರಣಕ್ಕೆ ವೃತ್ತಿಯನ್ನೂ ವ್ಯಾಖ್ಯಾನವನ್ನೂ ಅವರೇ ಬರೆದರು. ಕನ್ನಡವು ಶಾಸ್ತ್ರಕ್ಕೆ ಒದಗದ ಭಾಷೆಯೆಂಬ ಆಕ್ಷೇಪವನ್ನು ಎತ್ತಿಕೊಂಡು, 96,000 ಗ್ರಂಥಪ್ರಮಾಣದ ‘ಚೂಡಾಮಣಿ’ಯನ್ನು ಉದಾಹರಿಸಿ ಅದನ್ನು ನಿರಾಕರಿಸಿದ್ದು ಅವರ ದೊಡ್ಡ ಕಾಣಿಕೆ. ಸಂಸ್ಕೃತದಲ್ಲಿ ಬರೆದದ್ದರಿಂದ ಆ ವಾದ ಆಕ್ಷೇಪಿಸುವ ಪಂಡಿತರಿಗೇ ನೇರವಾಗಿ ತಲುಪುವಂತಾಯಿತು.

ಹೊನ್ನಾವರದ ಮಾರ್ಗವಾಗಿ ಗೇರುಸೊಪ್ಪೆಗೆ ಹೋದರೆ ಈ ವೈಭವದ ಕೊನೆಯೂ ಕಾಣುತ್ತದೆ. ಮೆಣಸಿನ ವ್ಯಾಪಾರದಿಂದ ಹೆಸರಾದ ರಾಣಿ ಚೆನ್ನಭೈರಾದೇವಿಯ ನಗರಿ ಅದು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಬಂದಾಗ ಅರಮನೆ ಪಾಳುಬಿದ್ದು ಮರಗಳು ಬೆಳೆದಿದ್ದವು. ಶರಾವತಿಯ ದಡದ ಕಾಡಿನಲ್ಲಿ ಚತುರ್ಮುಖ ಬಸದಿ ಮಾತ್ರ ಇಂದಿಗೂ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿದೆ.

ನರೋಣಾ, ಆಳಂದಗಳ ಕಡೆಯಿಂದ ಕರಾವಳಿಗೆ ಬರುವ ವಿದ್ಯಾರ್ಥಿಗೆ ಈ ಪಯಣ ಅಪರಿಚಿತವೆನಿಸಬೇಕಿಲ್ಲ. ಅವರದೇ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಕಾಗಿಣಾ ತೀರದ ರಾಷ್ಟ್ರಕೂಟ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡ ಕಾವ್ಯಕ್ಕೆ ಲಕ್ಷಣ ಹೇಳಿತು. ಏಳೂವರೆ ಶತಮಾನಗಳ ಬಳಿಕ ಭಟ್ಟಾಕಲಂಕರು ಕನ್ನಡ ನುಡಿಗೆ ಶಾಸ್ತ್ರಗೌರವವನ್ನು ಸ್ಥಾಪಿಸಿದರು. ಬಯಲುಸೀಮೆಯ ಆಸ್ಥಾನಕ್ಕೂ ಕಡಲಂಚಿನ ಮಠಕ್ಕೂ ನಡುವಣ ಈ ನಂಟನ್ನು ಅರಿತವರಿಗೆ ಭಟ್ಕಳ ಬರಿಯ ದಾರಿಯ ಊರಾಗಿ ಉಳಿಯದು.